ಎಮಿಲ್ ಫಿಷರ್

ಹರ್ಮನ್ ಎಮಿಲ್ ಲೂಯಿ ಫಿಷರ್ (9 ಅಕ್ಟೋಬರ್ 1852 – 15 ಜುಲೈ 1919) ಜರ್ಮನಿಯ ಪ್ರಸಿದ್ಧ ಸಾವಯವ ರಸಾಯನಶಾಸ್ತ್ರಜ್ಞರು. ಸಕ್ಕರೆಗಳು ಮತ್ತು ಪ್ಯೂರಿನ್ ಗುಂಪಿನ ಸಂಯುಕ್ತಗಳ ಸಂಶ್ಲೇಷಣೆಗಾಗಿ ಇವರಿಗೆ 1902ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲಭಿಸಿತು. ಅಮೈನೋ ಆಮ್ಲಗಳು ಪರಸ್ಪರ ಜೋಡಣೆಗೊಂಡು ಪ್ರೋಟೀನುಗಳಾಗುತ್ತವೆ ಎಂಬುದನ್ನು ಪ್ರಯೋಗಗಳ ಮೂಲಕ ಸಮರ್ಥಿಸಿದವರಲ್ಲಿ ಇವರು ಪ್ರಮುಖರು. ಜೀವನದ ಕೊನೆಯ ಹನ್ನೊಂದು ವರ್ಷಗಳಲ್ಲಿ ಇವರು ಮರದ ತೊಗಟೆ, ಎಲೆ ಮತ್ತು ಕಾಯಿಗಳಿಗೆ ಒಗರು ರುಚಿಯನ್ನು ಕೊಡುವ ಟ್ಯಾನಿನ್‌ಗಳ ರಚನೆಯನ್ನು ಅಧ್ಯಯನ ಮಾಡಿದರು. ನಿಶ್ಚಿತ ಸ್ವರೂಪವಿಲ್ಲದ ಮಿಶ್ರಣವೆಂದು ಕಡೆಗಣಿಸಲ್ಪಟ್ಟಿದ್ದ ಈ ವಸ್ತುವನ್ನು ಗ್ಲೂಕೋಸ್ ಮತ್ತು ಗ್ಯಾಲಿಕ್ ಆಮ್ಲಗಳ ಸಂಯುಕ್ತವೆಂದು ತೋರಿಸಿ, ಅದಕ್ಕೆ ಹೋಲುವ ಅಣುಗಳನ್ನು ಪ್ರಯೋಗಾಲಯದಲ್ಲಿ ನಿರ್ಮಿಸಿದ್ದು ಇವರ ಮಹತ್ವದ ಸಾಧನೆಗಳಲ್ಲೊಂದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫಿಷರ್ ಅವರು ಕಲೋನ್ ನಗರದ ಸಮೀಪದ ಆಯ್ಸ್‌ಕಿರ್ಷನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಲಾರೆನ್ಸ್ ಫಿಷರ್ ವ್ಯಾಪಾರಿ. ತಾಯಿ ಯೂಲಿ ಪೋಯೆನ್ಸ್‌ಗೆನ್. ಐವರು ಅಕ್ಕಂದಿರಿದ್ದ ಈ ಕುಟುಂಬದಲ್ಲಿ ಬದುಕುಳಿದ ಏಕೈಕ ಪುತ್ರ ಎಮಿಲ್. 1869ರಲ್ಲಿ ಬಾನ್ ನಗರದಲ್ಲಿ ಶಾಲಾ ಶಿಕ್ಷಣದ ಅಂತಿಮ ಪರೀಕ್ಷೆಯಲ್ಲಿ ಇವರು ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು.

ಮಗನು ಕುಟುಂಬದ ಮರದ ವ್ಯಾಪಾರವನ್ನು ಮುಂದುವರಿಸಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಅದರಂತೆ ಎಮಿಲ್ ಕೆಲಕಾಲ ವ್ಯಾಪಾರದಲ್ಲಿ ತರಬೇತಿ ಪಡೆದರಾದರೂ ಅದರಲ್ಲಿ ಅವರಿಗೆ ಆಸಕ್ತಿ ಮೂಡಲಿಲ್ಲ. ಮಗನಿಗೆ ಈ ವೃತ್ತಿ ಒಗ್ಗುವುದಿಲ್ಲವೆಂದು ಮನಗಂಡ ತಂದೆ ಉನ್ನತ ವ್ಯಾಸಂಗಕ್ಕೆ ಒಪ್ಪಿದರು. 1871ರಲ್ಲಿ ಬಾನ್ ವಿಶ್ವವಿದ್ಯಾಲಯವನ್ನು ಸೇರಿದ ಫಿಷರ್, ಬೆಂಜೀನ್ ಅಣುವಿನ ರಚನೆಯನ್ನು ಸೂಚಿಸಿದ ಆಗಸ್ಟ್ ಕೆಕುಲೆ ಅವರ ಉಪನ್ಯಾಸಗಳನ್ನು ಕೇಳಿದರು. ಆ ದಿನಗಳಲ್ಲಿ ಅವರ ಒಲವು ಭೌತಶಾಸ್ತ್ರದ ಕಡೆಗಿತ್ತು.

1872ರಲ್ಲಿ ದಾಯಾದಿ ಸೋದರ ಒಟ್ಟೋ ಫಿಷರ್ ಅವರೊಂದಿಗೆ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದ್ದು ಇವರ ಬದುಕಿನ ದಿಕ್ಕನ್ನು ಬದಲಿಸಿತು. ಅಲ್ಲಿ ಅಡಾಲ್ಫ್ ಫಾನ್ ಬಾಯರ್ ಅವರ ಪ್ರಭಾವದಿಂದ ರಸಾಯನಶಾಸ್ತ್ರವನ್ನೇ ಜೀವನದ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ವರ್ಣದ್ರವ್ಯಗಳ ಕುರಿತ ಪ್ರಬಂಧಕ್ಕಾಗಿ 1874ರಲ್ಲಿ ಡಾಕ್ಟರೇಟ್ ಪಡೆದರು.

ಫೀನೈಲ್‌ಹೈಡ್ರಜೀನ್ ಮತ್ತು ಆರಂಭಿಕ ವೃತ್ತಿಜೀವನ

ಡಾಕ್ಟರೇಟ್ ಪಡೆದ ಮರುವರ್ಷವೇ, ಅಂದರೆ 1875ರಲ್ಲಿ, ಫಿಷರ್ ಫೀನೈಲ್‌ಹೈಡ್ರಜೀನ್ ಎಂಬ ಸಂಯುಕ್ತವನ್ನು ಕಂಡುಹಿಡಿದರು. ಅದೇ ವರ್ಷ ಬಾಯರ್ ಅವರೊಂದಿಗೆ ಮ್ಯೂನಿಕ್ ನಗರಕ್ಕೆ ತೆರಳಿ, 1879ರಲ್ಲಿ ಅಲ್ಲಿ ವಿಶ್ಲೇಷಣಾ ರಸಾಯನಶಾಸ್ತ್ರದ ಸಹಪ್ರಾಧ್ಯಾಪಕರಾದರು. ಒಟ್ಟೋ ಫಿಷರ್ ಅವರ ಜೊತೆಗೂಡಿ ರೋಸಾನಿಲಿನ್ ವರ್ಣದ್ರವ್ಯಗಳ ರಚನೆಯನ್ನು ಬಿಡಿಸಿದರು. ಮುಂದೆ ಎರ್ಲಾಂಗನ್‌ನಲ್ಲಿಯೂ, 1885ರಿಂದ ವ್ಯೂರ್ಟ್ಸ್‌ಬರ್ಗ್‌ನಲ್ಲಿಯೂ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು. 1883ರಲ್ಲಿ ಜರ್ಮನಿಯ ದೊಡ್ಡ ರಾಸಾಯನಿಕ ಉದ್ಯಮವಾದ ಬಿಎಎಸ್ಎಫ್ ತನ್ನ ವೈಜ್ಞಾನಿಕ ಪ್ರಯೋಗಾಲಯವನ್ನು ಮುನ್ನಡೆಸಲು ಇವರನ್ನು ಆಹ್ವಾನಿಸಿತು. ತಂದೆಯ ನೆರವಿನಿಂದ ಆರ್ಥಿಕವಾಗಿ ಸ್ವತಂತ್ರರಾಗಿದ್ದ ಫಿಷರ್ ವಿಶ್ವವಿದ್ಯಾಲಯದಲ್ಲಿಯೇ ಉಳಿದರು. 1892ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಎ. ಡಬ್ಲ್ಯು. ಫಾನ್ ಹಾಫ್‌ಮನ್ ಅವರ ಉತ್ತರಾಧಿಕಾರಿಯಾಗಿ ನೇಮಕಗೊಂಡು, ಜೀವನದ ಕೊನೆಯವರೆಗೂ ಆ ಸ್ಥಾನದಲ್ಲಿದ್ದರು.

ಫೀನೈಲ್‌ಹೈಡ್ರಜೀನ್ ಇವರ ಸಂಶೋಧನೆಗೆ ಅತ್ಯಂತ ಉಪಯುಕ್ತ ಸಾಧನವಾಯಿತು. ಆದರೆ ಅದು ವಿಷಕಾರಿ ವಸ್ತು. ದೀರ್ಘಕಾಲದ ಸಂಪರ್ಕದಿಂದ ಇವರ ಆರೋಗ್ಯ ಕೆಟ್ಟಿತು. ಚರ್ಮದ ಹಾಗೂ ಜೀರ್ಣಾಂಗಗಳ ತೊಂದರೆಗಳು ಇವರನ್ನು ಬಹುಕಾಲ ಬಾಧಿಸಿದವು.

ಸಕ್ಕರೆಗಳು, ಪ್ಯೂರಿನ್‌ಗಳು ಮತ್ತು ಪ್ರೋಟೀನುಗಳು

ಸಕ್ಕರೆಗಳನ್ನು ಶುದ್ಧ ಸ್ಫಟಿಕಗಳಾಗಿ ಪಡೆಯುವುದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರಿಗೆ ಕಠಿಣ ಸವಾಲಾಗಿತ್ತು. ಅವು ಹೆಚ್ಚಾಗಿ ಪಾಕದ ರೂಪದಲ್ಲಿಯೇ ಉಳಿಯುತ್ತಿದ್ದವು. ಸಕ್ಕರೆಗಳು ಫೀನೈಲ್‌ಹೈಡ್ರಜೀನ್ ಜೊತೆ ವರ್ತಿಸಿದಾಗ ಓಸಜೋನ್ ಎಂಬ ಸ್ಫಟಿಕರೂಪದ ಸಂಯುಕ್ತಗಳು ದೊರೆಯುತ್ತವೆ ಎಂಬುದನ್ನು ಫಿಷರ್ 1884ರಲ್ಲಿ ಕಂಡುಕೊಂಡರು. ಇದರಿಂದ ಒಂದು ಸಕ್ಕರೆಯನ್ನು ಇನ್ನೊಂದರಿಂದ ಪ್ರತ್ಯೇಕಿಸಿ ಗುರುತಿಸುವುದು ಸುಲಭವಾಯಿತು. 1890ರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಮ್ಯಾನೋಸ್‌ಗಳನ್ನು ಗ್ಲಿಸರಿನ್‌ನಿಂದ ಆರಂಭಿಸಿ ಸಂಶ್ಲೇಷಿಸಿದರು. ಒಂದೇ ಅಣುಸೂತ್ರವಿರುವ 16 ಆಲ್ಡೋಹೆಕ್ಸೋಸ್‌ಗಳ ಪೈಕಿ ಗ್ಲೂಕೋಸ್‌ನ ಸ್ಥಾನ ಯಾವುದು ಎಂಬುದನ್ನು 1891ರಲ್ಲಿ ತರ್ಕಬದ್ಧವಾಗಿ ನಿರ್ಣಯಿಸಿದರು. ಮೂರು ಆಯಾಮಗಳ ಅಣುವನ್ನು ಕಾಗದದ ಮೇಲೆ ಬರೆಯಲು ಅವರು ರೂಪಿಸಿದ ಕ್ರಮವು ಇಂದಿಗೂ ಫಿಷರ್ ಪ್ರಕ್ಷೇಪಣೆ ಎಂಬ ಹೆಸರಿನಿಂದ ಪಠ್ಯಪುಸ್ತಕಗಳಲ್ಲಿದೆ.

ಎರಡು ಕನ್ನಡಿ ಪ್ರತಿರೂಪಗಳಲ್ಲಿ ನಿಸರ್ಗದ ಗ್ಲೂಕೋಸ್ ಯಾವುದು ಎಂಬುದನ್ನು ಆಗಿನ ಯಾವ ಪ್ರಯೋಗವೂ ಹೇಳಲಾರದಾಗಿತ್ತು. ಆದ್ದರಿಂದ ಫಿಷರ್ ಒಂದನ್ನು ಊಹೆಯಿಂದ ಆರಿಸಿಕೊಂಡರು. ಆ ಆಯ್ಕೆ ಸರಿಯಾಗಿತ್ತೆಂಬುದು 1951ರಲ್ಲಿ ನೆದರ್ಲೆಂಡ್ಸ್‌ನ ಯೋಹಾನೆಸ್ ಬೈಫೂಟ್ ಅವರ ಕ್ಷ-ಕಿರಣ ಅಧ್ಯಯನದ ನೆರವಿನಿಂದ ದೃಢಪಟ್ಟಿತು.

ಯೂರಿಕ್ ಆಮ್ಲ, ಕಾಫಿ ಮತ್ತು ಚಹಾಗಳಲ್ಲಿರುವ ಕೆಫೀನ್, ಕೋಕೋದಲ್ಲಿರುವ ಥಿಯೋಬ್ರೋಮಿನ್ ಮುಂತಾದವು ಒಂದೇ ಮೂಲ ಚೌಕಟ್ಟಿನಿಂದ ರೂಪುಗೊಂಡವು ಎಂಬುದನ್ನು ಫಿಷರ್ ತೋರಿಸಿದರು. ಆ ಚೌಕಟ್ಟಿಗೆ ಪ್ಯೂರಿನ್ ಎಂದು ಹೆಸರಿಟ್ಟು, 1898ರಲ್ಲಿ ಪ್ಯೂರಿನ್ ಅನ್ನೇ ತಯಾರಿಸಿದರು. ಕಿಣ್ವ ಮತ್ತು ಅದು ವರ್ತಿಸುವ ವಸ್ತುಗಳು ಬೀಗ ಹಾಗೂ ಕೀಲಿಕೈಯಂತೆ ಒಂದಕ್ಕೊಂದು ಹೊಂದಿಕೊಳ್ಳಬೇಕು ಎಂಬ ಹೋಲಿಕೆಯನ್ನು 1894ರಲ್ಲಿ ಮುಂದಿಟ್ಟವರೂ ಇವರೇ.

1899ರ ಸುಮಾರಿಗೆ ಇವರ ಗಮನ ಪ್ರೋಟೀನುಗಳ ಕಡೆಗೆ ತಿರುಗಿತು. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲಗಳನ್ನು ಪ್ರೋಟೀನುಗಳಿಂದ ಪ್ರತ್ಯೇಕಿಸಿದರು. ಅಮೈನೋ ಆಮ್ಲಗಳನ್ನು ಸರಪಳಿಯಂತೆ ಜೋಡಿಸುವ ವಿಧಾನಗಳನ್ನು ರೂಪಿಸಿ, 1907ರಲ್ಲಿ 15 ಗ್ಲೈಸಿನ್ ಹಾಗೂ 3 ಲ್ಯೂಸಿನ್ ಘಟಕಗಳಿದ್ದ, ಒಟ್ಟು 18 ಘಟಕಗಳ ಪೆಪ್ಟೈಡನ್ನು ನಿರ್ಮಿಸಿದರು.

ಟ್ಯಾನಿನ್‌ಗಳ ಅಧ್ಯಯನ

ಹಿನ್ನೆಲೆ

ಟ್ಯಾನಿನ್‌ಗಳು ಸಸ್ಯಗಳ ತೊಗಟೆ, ಕಟ್ಟಿಗೆ, ಎಲೆ ಮತ್ತು ಕಾಯಿಗಳಲ್ಲಿ ಕಂಡುಬರುವ ಒಗರು ವಸ್ತುಗಳು. ಇವು ಹಸಿ ತೊಗಲಿನ ಪ್ರೋಟೀನಿನೊಂದಿಗೆ ಬಂಧಗೊಂಡು ಅದು ಕೊಳೆಯದಂತೆ ತಡೆಯುತ್ತವೆ. ತೊಗಲನ್ನು ಹದಮಾಡಿ ಚರ್ಮವಾಗಿಸುವ ಪುರಾತನ ಕಸುಬಿಗೆ ಇದೇ ಆಧಾರ. ಕಬ್ಬಿಣದ ಲವಣಗಳೊಂದಿಗೆ ಇವು ಕಡುನೀಲಿ ಅಥವಾ ಕಪ್ಪು ಬಣ್ಣವನ್ನು ಕೊಡುವುದರಿಂದ ಶತಮಾನಗಳ ಕಾಲ ಬರೆಯುವ ಶಾಯಿಯ ತಯಾರಿಕೆಗೂ ಬಳಕೆಯಾದವು.

ಟ್ಯಾನಿನ್ ಹೇರಳವಾಗಿ ದೊರೆಯುವುದು ಕೀಟಗಳ ದೆಸೆಯಿಂದ ಗಿಡಗಳ ಮೇಲೆ ಬೆಳೆಯುವ ಗಂಟುಗಳಲ್ಲಿ. ಓಕ್ ಜಾತಿಯ ಒಂದು ಗಿಡದಲ್ಲಿ ಕಣಜದಂತಹ ಸಣ್ಣ ಕೀಟ ಮೊಟ್ಟೆಯಿಟ್ಟಾಗ ಉಂಟಾಗುವ ಗಂಟನ್ನು ಕನ್ನಡದಲ್ಲಿ ಮಾಚಿಕಾಯಿ ಎನ್ನುತ್ತಾರೆ. ಯುರೋಪಿನ ವ್ಯಾಪಾರದಲ್ಲಿ ಅದಕ್ಕೆ ತುರ್ಕಿಯ ಗಂಟು ಎಂಬ ಹೆಸರಿತ್ತು. ಚೀನಾದಲ್ಲಿ ಸುಮಾಕ್ ಜಾತಿಯ ಗಿಡದ ಎಲೆಗಳ ಮೇಲೆ ಒಂದು ಬಗೆಯ ಹೇನಿನಿಂದ ಉಂಟಾಗುವ ಗಂಟುಗಳು ಇನ್ನೊಂದು ಮುಖ್ಯ ಆಕರ.

ಟ್ಯಾನಿನ್‌ನ ಸ್ವರೂಪದ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೀರ್ಘ ವಿವಾದವಿತ್ತು. ಅದನ್ನು ಆಮ್ಲದೊಂದಿಗೆ ಕುದಿಸಿದಾಗ ಗ್ಯಾಲಿಕ್ ಆಮ್ಲ ದೊರೆಯುತ್ತಿತ್ತು. ಜೊತೆಗೆ ಅಲ್ಪ ಪ್ರಮಾಣದ ಗ್ಲೂಕೋಸ್ ಕೂಡ ಕಾಣುತ್ತಿತ್ತು. 1850ರ ದಶಕದಲ್ಲಿ ಅಡಾಲ್ಫ್ ಸ್ಟ್ರೆಕರ್ ಗ್ಲೂಕೋಸ್ ಟ್ಯಾನಿನ್‌ನ ಅಂಗವೇ ಎಂದು ವಾದಿಸಿದ್ದರು. ಆದರೆ 1870ರ ದಶಕದಲ್ಲಿ ಹ್ಯೂಗೋ ಶಿಫ್, ಟ್ಯಾನಿನ್ ಎಂದರೆ ಎರಡು ಗ್ಯಾಲಿಕ್ ಆಮ್ಲದ ಅಣುಗಳು ಕೂಡಿ ಆದ ಡೈಗ್ಯಾಲಿಕ್ ಆಮ್ಲ ಎಂದು ಪ್ರತಿಪಾದಿಸಿದರು. ಈ ಮತದ ಪ್ರಕಾರ ಗ್ಲೂಕೋಸ್ ಕೇವಲ ಕಲ್ಮಶ. ಟ್ಯಾನಿನ್ ಸ್ಫಟಿಕವಾಗುತ್ತಿರಲಿಲ್ಲ; ನಿಶ್ಚಿತ ಕರಗುಬಿಂದುವೂ ಅದಕ್ಕಿರಲಿಲ್ಲ. ಆದ್ದರಿಂದ ಅದರ ಶುದ್ಧತೆಯನ್ನು ಪರೀಕ್ಷಿಸುವ ಅಂದಿನ ಸಾಮಾನ್ಯ ಮಾರ್ಗಗಳು ನಿರುಪಯುಕ್ತವಾಗಿದ್ದವು.

ಡೆಪ್ಸೈಡ್‌ಗಳು

ಫಿಷರ್ 1908ರಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿದರು. ಮೊದಲು ಅವರು ಗ್ಯಾಲಿಕ್ ಆಮ್ಲದಂತಹ ಸರಳ ಘಟಕಗಳನ್ನು ಒಂದಕ್ಕೊಂದು ಜೋಡಿಸುವ ನಂಬಲರ್ಹ ವಿಧಾನವನ್ನು ಹುಡುಕಿದರು. ಗ್ಯಾಲಿಕ್ ಆಮ್ಲದಲ್ಲಿ ಒಂದು ಆಮ್ಲದ ಗುಂಪು ಹಾಗೂ ಮೂರು ಹೈಡ್ರಾಕ್ಸಿ ಗುಂಪುಗಳಿವೆ. ಒಂದು ಅಣುವಿನ ಆಮ್ಲದ ಗುಂಪು ಇನ್ನೊಂದರ ಹೈಡ್ರಾಕ್ಸಿ ಗುಂಪಿಗೆ ಕೂಡಿಕೊಳ್ಳಬಲ್ಲದು. ಆದರೆ ಎಲ್ಲ ಗುಂಪುಗಳೂ ಚುರುಕಾಗಿರುವುದರಿಂದ ಬೇಕಾದ ಕಡೆ ಮಾತ್ರ ಬಂಧ ಏರ್ಪಡಿಸುವುದು ಕಷ್ಟ. ಫಿಷರ್ ಮೊದಲು ಹೈಡ್ರಾಕ್ಸಿ ಗುಂಪುಗಳನ್ನು ಕಾರ್ಬೋಮೆಥಾಕ್ಸಿ ಎಂಬ ತಾತ್ಕಾಲಿಕ ಹೊದಿಕೆಯಿಂದ ಮುಚ್ಚಿದರು. ಅನಂತರ ಆಮ್ಲದ ಗುಂಪನ್ನು ಕ್ಲೋರೈಡ್ ಆಗಿ ಪರಿವರ್ತಿಸಿ ಇನ್ನೊಂದು ಅಣುವಿಗೆ ಜೋಡಿಸಿ, ಕೊನೆಗೆ ತಣ್ಣನೆಯ ಕ್ಷಾರದಿಂದ ಹೊದಿಕೆಯನ್ನು ಕಳಚಿದರು.

ಹೀಗೆ ದೊರೆತ ಸಂಯುಕ್ತಗಳಿಗೆ ಫಿಷರ್ ಮತ್ತು ಅವರ ಶಿಷ್ಯ ಕಾರ್ಲ್ ಫ್ರಾಯ್ಡನ್‌ಬರ್ಗ್, ಹದಮಾಡುವುದು ಎಂಬರ್ಥದ ಗ್ರೀಕ್ ಪದದಿಂದ ಡೆಪ್ಸೈಡ್ ಎಂಬ ಹೆಸರನ್ನು ರೂಪಿಸಿದರು. ಕಲ್ಲುಹೂವುಗಳಲ್ಲಿರುವ ಕೆಲವು ಆಮ್ಲಗಳೂ ಡೆಪ್ಸೈಡ್‌ಗಳೇ. ಅವುಗಳಲ್ಲೊಂದಾದ ಲೆಕನೋರಿಕ್ ಆಮ್ಲವನ್ನು ಫಿಷರ್ ತಮ್ಮ ಹಿರಿಯ ಮಗ ಹರ್ಮನ್ ಫಿಷರ್ ಅವರ ಜೊತೆಗೂಡಿ 1913ರಲ್ಲಿ ಸಂಶ್ಲೇಷಿಸಿದರು.

ಟ್ಯಾನಿನ್‌ನ ರಚನೆ

ಫಿಷರ್ ಮತ್ತು ಫ್ರಾಯ್ಡನ್‌ಬರ್ಗ್ ಚೀನಾದ ಗಂಟುಗಳಿಂದ ದೊರೆತ ಟ್ಯಾನಿನ್ ಅನ್ನು ದುರ್ಬಲ ಕ್ಷಾರೀಯ ದ್ರಾವಣದಲ್ಲಿ ಕರಗಿಸಿ, ಈಥೈಲ್ ಅಸಿಟೇಟ್‌ನಿಂದ ಹೊರತೆಗೆದು ಶುದ್ಧಗೊಳಿಸಿದರು. ಬೆರೆತಿದ್ದ ಬಿಡಿ ಆಮ್ಲಗಳು ನೀರಿನಲ್ಲಿಯೇ ಉಳಿದವು. ಹೀಗೆ ಶುದ್ಧಗೊಳಿಸಿದ ಮೇಲೂ, ಸಾರರಿಕ್ತ ಗಂಧಕಾಮ್ಲದಲ್ಲಿ ಬಹುಕಾಲ ಕಾಯಿಸಿದಾಗ ಗ್ಲೂಕೋಸ್ ದೊರೆಯುತ್ತಲೇ ಇತ್ತು. ಆದ್ದರಿಂದ ಅದು ಕಲ್ಮಶವಲ್ಲ, ಅಣುವಿನ ಅಂಗವೆಂದು ಅವರು ತೀರ್ಮಾನಿಸಿದರು. ಒಂದು ಗ್ಲೂಕೋಸ್‌ಗೆ ಸುಮಾರು ಹತ್ತು ಗ್ಯಾಲಿಕ್ ಆಮ್ಲದ ಘಟಕಗಳಿರುವಂತೆ ಕಂಡಿತು.

ಗ್ಲೂಕೋಸ್ ಅಣುವಿನಲ್ಲಿ ಹೀಗೆ ಬಂಧಗೊಳ್ಳಬಲ್ಲ ಐದು ಹೈಡ್ರಾಕ್ಸಿ ಗುಂಪುಗಳಿವೆ. ಪ್ರತಿಯೊಂದಕ್ಕೂ ಎರಡು ಗ್ಯಾಲಿಕ್ ಆಮ್ಲಗಳ ಜೋಡಿಯೊಂದು ಅಂಟಿಕೊಂಡಿದ್ದರೆ ಹತ್ತರ ಲೆಕ್ಕ ಸರಿಹೊಂದುತ್ತದೆ. 1912ರಲ್ಲಿ ಅವರು ಈ ಪೆಂಟಾಡೈಗ್ಯಾಲಾಯ್ಲ್ ಗ್ಲೂಕೋಸ್ ರಚನೆಯನ್ನು ಸೂಚಿಸಿದರು. ಸಕ್ಕರೆಯ ವಿಷಯದಲ್ಲಿ ಮಾಡಿದಂತೆ ಇಲ್ಲಿಯೂ ಫಿಷರ್ ವಿಭಜನೆಯಿಂದ ದೊರೆತ ಪುರಾವೆಗಷ್ಟೇ ತೃಪ್ತರಾಗಲಿಲ್ಲ. ಊಹಿಸಿದ ಅಣುವನ್ನು ಕಟ್ಟಿ ನೋಡಲು ಮುಂದಾದರು. ಗ್ಲೂಕೋಸ್‌ಗೆ ಐದು ಗ್ಯಾಲಿಕ್ ಆಮ್ಲಗಳನ್ನು ಜೋಡಿಸಿದಾಗ ದೊರೆತ ವಸ್ತು ಒಗರಾಗಿತ್ತು. ಅದು ಜೆಲಟಿನ್ ದ್ರಾವಣವನ್ನು ಒತ್ತರಿಸಿತು ಮತ್ತು ಕಬ್ಬಿಣದ ಲವಣದೊಂದಿಗೆ ಟ್ಯಾನಿನ್‌ನಂತೆಯೇ ಬಣ್ಣ ಕೊಟ್ಟಿತು. 1918ರಲ್ಲಿ ಮ್ಯಾಕ್ಸ್ ಬರ್ಗ್‌ಮನ್ ಅವರ ಸಹಕಾರದಿಂದ ಹತ್ತು ಗ್ಯಾಲಿಕ್ ಆಮ್ಲ ಘಟಕಗಳಿರುವ ಸಂಯುಕ್ತವೂ ಸಿದ್ಧವಾಯಿತು. ಅದರ ಗುಣಗಳು ಚೀನಾದ ಟ್ಯಾನಿನ್‌ಗೆ ಬಹಳ ಹತ್ತಿರವಾಗಿದ್ದವು.

ಈ ಅಧ್ಯಯನದ ಮುಂದುವರಿಕೆಯಾಗಿ 1913ರಲ್ಲಿ ಫಿಷರ್ ಮತ್ತು ಫ್ರಾಯ್ಡನ್‌ಬರ್ಗ್ 4021 ಅಣುತೂಕದ ಸಂಯುಕ್ತವೊಂದನ್ನು ತಯಾರಿಸಿದರು. ಮಾಲ್ಟೋಸ್ ಸಕ್ಕರೆಯ ಉತ್ಪನ್ನವೊಂದಕ್ಕೆ ಏಳು ಗ್ಯಾಲಿಕ್ ಆಮ್ಲದ ಉತ್ಪನ್ನಗಳನ್ನು ಜೋಡಿಸಿ ಇದನ್ನು ಪಡೆಯಲಾಗಿತ್ತು. ರಚನೆ ತಿಳಿದಿರುವ ಸಂಶ್ಲೇಷಿತ ವಸ್ತುಗಳಲ್ಲಿ ಅಷ್ಟು ದೊಡ್ಡ ಅಣು ಅಲ್ಲಿಯವರೆಗೆ ಇರಲಿಲ್ಲ.

ಅಳಲೆಕಾಯಿ ಮತ್ತು ರೇವಲ್ಚಿನ್ನಿ

ಭಾರತದಲ್ಲಿ ಔಷಧಕ್ಕೂ ಚರ್ಮ ಹದಮಾಡಲೂ ಬಳಸುವ ಅಳಲೆಕಾಯಿಯಲ್ಲಿ ಚೆಬ್ಯುಲಿನಿಕ್ ಆಮ್ಲ ಎಂಬ ಟ್ಯಾನಿನ್ ಇದೆ. ಬಹುತೇಕ ಟ್ಯಾನಿನ್‌ಗಳಿಗಿಂತ ಭಿನ್ನವಾಗಿ ಇದು ಸ್ಫಟಿಕರೂಪದಲ್ಲಿ ದೊರೆಯುತ್ತದೆ. 1918ರಲ್ಲಿ ಫಿಷರ್ ಮತ್ತು ಬರ್ಗ್‌ಮನ್ ತಾವು ತಯಾರಿಸಿದ ಗ್ಯಾಲಾಯ್ಲ್ ಗ್ಲೂಕೋಸ್‌ಗಳನ್ನು ಚೆಬ್ಯುಲಿನಿಕ್ ಆಮ್ಲದೊಂದಿಗೆ ಹೋಲಿಸಿ ಪ್ರಬಂಧ ಪ್ರಕಟಿಸಿದರು. ಅಳಲೆಕಾಯಿಯ ಟ್ಯಾನಿನ್‌ನಲ್ಲಿ ಗ್ಯಾಲಿಕ್ ಆಮ್ಲವಲ್ಲದೆ ಬೇರೊಂದು ಆಮ್ಲವೂ ಸೇರಿದೆ ಎಂಬುದನ್ನು ಮುಂದಿನ ಸಂಶೋಧಕರು ಸ್ಪಷ್ಟಪಡಿಸಿದರು. ರೇವಲ್ಚಿನ್ನಿ ಬೇರಿನಿಂದ ಪ್ರತ್ಯೇಕಿಸಲಾಗಿದ್ದ, ಒಂದು ಗ್ಲೂಕೋಸ್‌ಗೆ ಒಂದೇ ಗ್ಯಾಲಿಕ್ ಆಮ್ಲ ಸೇರಿದ ಗ್ಲೂಕೋಗ್ಯಾಲಿನ್ ಎಂಬ ಸರಳ ಸಂಯುಕ್ತವನ್ನೂ ಇವರಿಬ್ಬರು ಅದೇ ವರ್ಷ ಸಂಶ್ಲೇಷಿಸಿದರು.

ನಂತರದ ಪರಿಷ್ಕರಣೆ

ಫಿಷರ್ ಸೂಚಿಸಿದ ರಚನೆಯಲ್ಲಿ ಗ್ಯಾಲಿಕ್ ಆಮ್ಲದ ಜೋಡಿಗಳು ಐದೂ ಸ್ಥಾನಗಳಲ್ಲಿ ಸಮನಾಗಿ ಹಂಚಿಕೆಯಾಗಿದ್ದವು. 1961ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಹಾವರ್ತ್, ಎಡ್ವಿನ್ ಹ್ಯಾಸ್ಲಂ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವು ಈ ಚಿತ್ರವನ್ನು ತಿದ್ದಿತು. ಚೀನಾದ ಟ್ಯಾನಿನ್ ಒಂದೇ ವಸ್ತುವಲ್ಲ, ನಿಕಟ ಸಂಬಂಧವುಳ್ಳ ಅಣುಗಳ ಮಿಶ್ರಣ. ಐದು ಗ್ಯಾಲಿಕ್ ಆಮ್ಲಗಳು ಕೂಡಿದ ಗ್ಲೂಕೋಸ್ ಅದರ ತಿರುಳು. ಹೆಚ್ಚುವರಿ ಘಟಕಗಳು ಮುಖ್ಯವಾಗಿ ಒಂದು ಸ್ಥಾನದಿಂದ ಸರಪಳಿಯಂತೆ ಮುಂದುವರಿಯುತ್ತವೆ. ವಿವರಗಳು ಬದಲಾದರೂ, ಟ್ಯಾನಿನ್‌ನ ಕೇಂದ್ರದಲ್ಲಿ ಗ್ಲೂಕೋಸ್ ಇದೆ ಹಾಗೂ ಅದಕ್ಕೆ ಗ್ಯಾಲಿಕ್ ಆಮ್ಲಗಳು ಎಸ್ಟರ್ ಬಂಧದಿಂದ ಸೇರಿವೆ ಎಂಬ ಫಿಷರ್ ಅವರ ಮೂಲ ನಿರ್ಣಯ ಸ್ಥಿರವಾಗಿ ಉಳಿಯಿತು.

ಸಾರ್ವಜನಿಕ ಜೀವನ

ಫಿಷರ್ ಅವರ ಒತ್ತಾಯದ ಫಲವಾಗಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಹೊಸ ರಸಾಯನಶಾಸ್ತ್ರ ಸಂಸ್ಥೆಯ ಕಟ್ಟಡ ದೊರೆತು, ಅದು 1900ರಲ್ಲಿ ಆರಂಭವಾಯಿತು. 1911ರಲ್ಲಿ ವಿಜ್ಞಾನದ ಮುನ್ನಡೆಗಾಗಿ ಕೈಸರ್ ವಿಲ್ಹೆಲ್ಮ್ ಸೊಸೈಟಿಯನ್ನು ಸ್ಥಾಪಿಸುವಲ್ಲಿ ಇವರು ಪ್ರಮುಖ ಪಾತ್ರ ವಹಿಸಿದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಜರ್ಮನಿಯ ನಡೆಯನ್ನು ಸಮರ್ಥಿಸಿ 93 ಮಂದಿ ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಇವರೂ ಸಹಿ ಹಾಕಿದರು. ಮುಂದೆ ಅದಕ್ಕಾಗಿ ವಿಷಾದಪಟ್ಟರು. ಯುದ್ಧಕಾಲದಲ್ಲಿ ದೇಶದ ರಾಸಾಯನಿಕ ಸಾಮಗ್ರಿಗಳ ಪೂರೈಕೆಯನ್ನು ಸಂಘಟಿಸುವ ಕಾರ್ಯದಲ್ಲಿ ತೊಡಗಿದ್ದರು.

ವೈಯಕ್ತಿಕ ಜೀವನ ಮತ್ತು ನಿಧನ

1888ರಲ್ಲಿ ಫಿಷರ್ ಎರ್ಲಾಂಗನ್‌ನ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಯೋಸೆಫ್ ಫಾನ್ ಗೆರ್ಲಾಖ್ ಅವರ ಪುತ್ರಿ ಆಗ್ನೆಸ್ ಅವರನ್ನು ವಿವಾಹವಾದರು. ವಿವಾಹವಾದ ಏಳೇ ವರ್ಷಗಳಲ್ಲಿ, 1895ರಲ್ಲಿ, ಆಗ್ನೆಸ್ ನಿಧನರಾದರು. ಫಿಷರ್ ಮರುಮದುವೆಯಾಗಲಿಲ್ಲ. ದಂಪತಿಗೆ ಮೂವರು ಗಂಡುಮಕ್ಕಳು. ಅವರಲ್ಲಿ ಇಬ್ಬರು ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ತೀರಿಕೊಂಡರು. ಉಳಿದ ಹರ್ಮನ್ ಮುಂದೆ ಅಮೆರಿಕದ ಬರ್ಕ್ಲಿಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

ಪುತ್ರಶೋಕ, ಯುದ್ಧದಿಂದ ಬರಿದಾದ ಪ್ರಯೋಗಾಲಯ ಮತ್ತು ಕುಗ್ಗುತ್ತಿದ್ದ ಆರೋಗ್ಯದ ನಡುವೆಯೂ ಫಿಷರ್ ಸಂಶೋಧನೆಯನ್ನು ನಿಲ್ಲಿಸಲಿಲ್ಲ. ಟ್ಯಾನಿನ್ ಕುರಿತ ಅವರ ಮುಖ್ಯ ಸಂಶ್ಲೇಷಣೆಗಳಲ್ಲಿ ಕೆಲವು ಪೂರ್ಣಗೊಂಡದ್ದು ಈ ಅವಧಿಯಲ್ಲಿಯೇ. ಕ್ಯಾನ್ಸರ್ ರೋಗಕ್ಕೆ ತುತ್ತಾದ ಇವರು 1919ರ ಜುಲೈ 15ರಂದು ಬರ್ಲಿನ್‌ನಲ್ಲಿ ನಿಧನರಾದರು. ರೋಗ ಗುಣವಾಗದೆಂದು ತಿಳಿದು ಅವರು ತಾವಾಗಿಯೇ ಪ್ರಾಣ ತ್ಯಜಿಸಿದರೆಂದು ಹಲವು ಜೀವನಚರಿತ್ರಕಾರರು ಬರೆದಿದ್ದಾರೆ. ಅವರ ಆತ್ಮಕಥೆ ಮರಣಾನಂತರ, 1922ರಲ್ಲಿ ಪ್ರಕಟವಾಯಿತು.

ಪರಂಪರೆ

ಫಿಷರ್ ಅವರ ಬಳಿ ಕಲಿತವರಲ್ಲಿ ಒಟ್ಟೋ ಡೀಲ್ಸ್ ಮತ್ತು ಒಟ್ಟೋ ವಾರ್ಬರ್ಗ್ ಮುಂದೆ ನೊಬೆಲ್ ಪ್ರಶಸ್ತಿ ಪಡೆದರು. ಟ್ಯಾನಿನ್ ಅಧ್ಯಯನದ ಇಬ್ಬರು ಸಹಯೋಗಿಗಳು ಆ ಕ್ಷೇತ್ರವನ್ನು ವಿಸ್ತರಿಸಿದರು. ಫ್ರಾಯ್ಡನ್‌ಬರ್ಗ್ 1920ರಲ್ಲಿ ಟ್ಯಾನಿನ್‌ಗಳನ್ನು ಜಲವಿಭಜನೆಗೆ ಒಳಪಡುವವು ಮತ್ತು ಸಾಂದ್ರಿತವಾದವು ಎಂದು ಎರಡು ವರ್ಗಗಳಾಗಿ ವಿಂಗಡಿಸಿದರು. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಓಕ್ ಮತ್ತು ಚೆಸ್ಟ್‌ನಟ್ ಕಟ್ಟಿಗೆಗಳಲ್ಲಿರುವ ಎಲ್ಲಾಜಿಟ್ಯಾನಿನ್‌ಗಳು ಮೊದಲ ವರ್ಗಕ್ಕೆ ಸೇರುತ್ತವೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಕುರಿತೂ ಫ್ರಾಯ್ಡನ್‌ಬರ್ಗ್ ಮಹತ್ವದ ಕೆಲಸ ಮಾಡಿದರು.

ಬರ್ಗ್‌ಮನ್ ಡ್ರೆಸ್ಡನ್‌ನ ಕೈಸರ್ ವಿಲ್ಹೆಲ್ಮ್ ಚರ್ಮ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1932ರಲ್ಲಿ ಅವರು ಲಿಯೋನಿಡಾಸ್ ಜೆರ್ವಾಸ್ ಅವರೊಂದಿಗೆ ಅಮೈನೋ ಆಮ್ಲಗಳಿಗೆ ಹೊಂದುವ, ಸುಲಭವಾಗಿ ಕಳಚಬಹುದಾದ ರಕ್ಷಕ ಹೊದಿಕೆಯೊಂದನ್ನು ರೂಪಿಸಿದರು. ಟ್ಯಾನಿನ್ ಸಂಶ್ಲೇಷಣೆಯಲ್ಲಿ ಫಿಷರ್ ಬಳಸಿದ ಕಾರ್ಬೋಮೆಥಾಕ್ಸಿ ಹೊದಿಕೆಗೆ ರಾಸಾಯನಿಕವಾಗಿ ಸಮೀಪವಾಗಿದ್ದ ಈ ವಿಧಾನವು ಪೆಪ್ಟೈಡ್‌ಗಳ ತಯಾರಿಕೆಗೆ ಹೊಸ ದಾರಿ ತೆರೆಯಿತು. ಯಹೂದಿ ಮೂಲದವರಾದ ಬರ್ಗ್‌ಮನ್ 1933ರಲ್ಲಿ ನಾಜಿ ಆಡಳಿತದ ಕಾರಣದಿಂದ ಜರ್ಮನಿಯನ್ನು ತೊರೆದು ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು.

ಸಾವಯವ ರಸಾಯನಶಾಸ್ತ್ರದಲ್ಲಿ ಫಿಷರ್ ಇಂಡೋಲ್ ಸಂಶ್ಲೇಷಣೆ, ಫಿಷರ್ ಎಸ್ಟರೀಕರಣ ಮತ್ತು ಫಿಷರ್ ಪ್ರಕ್ಷೇಪಣೆ ಇವರ ಹೆಸರನ್ನು ಹೊತ್ತಿವೆ. ಜರ್ಮನ್ ರಸಾಯನಶಾಸ್ತ್ರ ಸಂಘವು ಇವರ ಸ್ಮರಣಾರ್ಥ ಎಮಿಲ್ ಫಿಷರ್ ಪದಕವನ್ನು ನೀಡುತ್ತದೆ.